ಮಣ್ಣಿನ ಕಾಂತಗುಣ ಮತ್ತು ಪ್ರಾಚೀನ ಮಳೆ

ಹೂತುಹೋದ ಹಳೆಯ ಮಣ್ಣಿನ ಕಾಂತಗುಣವನ್ನು ಅಳೆದು, ಅದು ನೆಲದ ಮೇಲ್ಪದರವಾಗಿದ್ದ ಕಾಲದ ಮಳೆಯನ್ನು ಅಂದಾಜು ಮಾಡುವ ವಿಧಾನ. ಹೆಚ್ಚಾಗಿ ಅಳೆಯುವುದು ಕಾಂತಗ್ರಾಹಿತೆಯನ್ನು, ಅಂದರೆ ಕಾಂತಕ್ಷೇತ್ರದಲ್ಲಿಟ್ಟ ಮಣ್ಣು ಎಷ್ಟರಮಟ್ಟಿಗೆ ಕಾಂತವಾಗುತ್ತದೆ ಎಂಬುದನ್ನು. ಈ ವಿಧಾನ ರೂಪುಗೊಂಡದ್ದು ಉತ್ತರ ಚೀನಾದ ಲೋಯೆಸ್ ಪ್ರಸ್ಥಭೂಮಿಯಲ್ಲಿ.

ಲೋಯೆಸ್ ಎಂದರೆ ಗಾಳಿ ತಂದು ಸುರಿದ ನವಿರಾದ ಹಳದಿ ಧೂಳು. ಸುಮಾರು 26 ಲಕ್ಷ ವರ್ಷಗಳಿಂದ ಚಳಿಗಾಲದ ಗಾಳಿ ಮರುಭೂಮಿಗಳ ಧೂಳನ್ನು ಹೊತ್ತು ತಂದು ಇಲ್ಲಿ ಪೇರಿಸಿದೆ. ಹಿಮಯುಗಗಳಲ್ಲಿ ಧೂಳು ದಟ್ಟವಾಗಿ ಬಿತ್ತು. ನಡುವಿನ ಬೆಚ್ಚನೆಯ ಕಾಲಗಳಲ್ಲಿ ಧೂಳು ತಗ್ಗಿತು, ಬೇಸಿಗೆಯ ಮಾನ್ಸೂನ್ ಬಲಗೊಂಡಿತು, ಗಿಡಗಂಟಿ ಬೆಳೆದು ಧೂಳೇ ಕೆಂಗಂದು ಮಣ್ಣಾಯಿತು. ಶಾನ್ಸಿ ಪ್ರಾಂತ್ಯದ ಲುವೊಚುವಾನ್‌ನಲ್ಲಿ ನೂರು ಮೀಟರಿಗೂ ಮಿಕ್ಕಿದ ಕಡಿದಾದ ದಿಣ್ಣೆಗಳಲ್ಲಿ ಹಳದಿ, ಕೆಂಗಂದು ಪದರಗಳು ಒಂದರ ಮೇಲೊಂದು ಕೂತಿರುವುದು ಬರಿಗಣ್ಣಿಗೇ ಕಾಣುತ್ತದೆ.

ಫ್ರೆಡ್ರಿಕ್ ಹೆಲ್ಲರ್ ಮತ್ತು ಲಿಯು ತುಂಗ್‌ಶೆಂಗ್ 1980ರ ದಶಕದ ಆರಂಭದಲ್ಲಿ ಈ ಪದರಗಳನ್ನು ಅಳೆದಾಗ ಕೆಂಗಂದು ಮಣ್ಣಿನ ಕಾಂತಗ್ರಾಹಿತೆ ಹಳದಿ ಧೂಳಿಗಿಂತ ಎದ್ದು ಕಾಣುವಷ್ಟು ಹೆಚ್ಚಿತ್ತು. ಅದರ ಏರಿಳಿತ ಆಳಸಾಗರದ ಕೆಸರಿನಲ್ಲಿ ದಾಖಲಾದ ಹಿಮಯುಗಗಳ ಏರಿಳಿತಕ್ಕೂ ಹೊಂದುತ್ತಿತ್ತು. ಮಣ್ಣಿನಿಂದ ಸುಣ್ಣ ತೊಳೆದುಹೋಗಿ ಉಳಿದ ಕಾಂತಕಣಗಳು ಒತ್ತಾದವು ಎಂಬುದು ಆಗಿನ ವಿವರಣೆ. ಆದರೆ ಹೆಚ್ಚಳದ ದೊಡ್ಡ ಪಾಲು ಅಲ್ಲಿಯೇ ಹೊಸದಾಗಿ ಹುಟ್ಟಿದ ಕಣಗಳದ್ದು ಎಂದು ಮುಂದಿನ ಅಧ್ಯಯನಗಳು ತೋರಿಸಿದವು.

ಆ ಹುಟ್ಟಿಗೆ ಬೇಕಾದದ್ದು ನೆನೆಯುವ, ಮತ್ತೆ ಒಣಗುವ ಸರದಿ. ಮಣ್ಣು ನೆನೆದಾಗ ಆಮ್ಲಜನಕ ಕಡಿಮೆಯಾಗುತ್ತದೆ, ಬ್ಯಾಕ್ಟೀರಿಯಾಗಳ ಚಟುವಟಿಕೆಯಿಂದ ಕಬ್ಬಿಣ ಕರಗುತ್ತದೆ. ಒಣಗಿದಾಗ ಅದರ ಒಂದಂಶ ಮ್ಯಾಗ್ನೆಟೈಟ್ ಎಂಬ ಕಾಂತಖನಿಜವಾಗಿ, ಬಳಿಕ ಅದೇ ಬಗೆಯ ಮ್ಯಾಗ್ಹೆಮೈಟ್ ಆಗಿ ನಿಲ್ಲುತ್ತದೆ. ಇವುಗಳಲ್ಲಿ ಹಲವು ಕಣಗಳು 30 ನ್ಯಾನೋಮೀಟರಿಗಿಂತಲೂ ಸಣ್ಣವು. ಕಾಂತಕ್ಷೇತ್ರದ ಎರಡು ಬೇರೆ ಆವರ್ತನಗಳಲ್ಲಿ ಅಳೆದರೆ ಇಂಥ ಕಣಗಳಿರುವ ಮಣ್ಣು ಎರಡು ಬೇರೆ ಅಂಕಿ ಕೊಡುತ್ತದೆ. ಗಾಳಿಯ ಧೂಳಿನ ದಪ್ಪ ಕಣಗಳಿಂದ ಇವನ್ನು ಬೇರ್ಪಡಿಸಿ ಗುರುತಿಸುವುದು ಹೀಗೆ.

ಕಾಂತಗ್ರಾಹಿತೆಯ ಅಂಕಿಯನ್ನು ಮಳೆಯ ಮಿಲಿಮೀಟರಿಗೆ ಇಳಿಸಿದ್ದು ಬಾರ್ಬರಾ ಮಾಹರ್, ರಾಯ್ ಥಾಂಪ್ಸನ್, ಝೌ ಲಿಪಿಂಗ್. ಇವರ ದಾರಿ ಸರಳ, ಅಷ್ಟೇ ಜಾಣತನದ್ದು. ಪ್ರಸ್ಥಭೂಮಿಯ ಇಂದಿನ ಮಣ್ಣಿನ ಕಾಂತಗ್ರಾಹಿತೆಯಿಂದ ಅದರ ಮೂಲ ಧೂಳಿನದನ್ನು ಕಳೆದು, ಉಳಿದದ್ದನ್ನು ಇಂದಿನ ವಾರ್ಷಿಕ ಮಳೆಯೊಂದಿಗೆ ಹೋಲಿಸಿದರು. ಎರಡಕ್ಕೂ ಗಟ್ಟಿಯಾದ ನಂಟು ಸಿಕ್ಕಿತು. ಅದನ್ನೇ ಹಳೆಯ ಪದರಗಳಿಗೆ ಅನ್ವಯಿಸಿ 1994ರಲ್ಲಿ ಪ್ರಾಚೀನ ಮಳೆಯ ಅಂದಾಜು ಪ್ರಕಟಿಸಿದರು.

ಈ ಸೂತ್ರವನ್ನು ಎಲ್ಲೆಡೆಗೂ ಒಯ್ಯುವಂತಿಲ್ಲ. ನೀರು ನಿಂತ ಮಣ್ಣಿನಲ್ಲಿ ಮ್ಯಾಗ್ನೆಟೈಟ್ ಕರಗಿಹೋಗುತ್ತದೆ. ಅಲಾಸ್ಕ, ಸೈಬೀರಿಯಗಳ ಲೋಯೆಸ್‌ನಲ್ಲಿ ಲೆಕ್ಕವೇ ತಿರುಗುಮುರುಗು: ಅಲ್ಲಿ ಹಿಮಯುಗದ ಧೂಳಿನದೇ ಹೆಚ್ಚು, ಮಣ್ಣಿನದು ಕಡಿಮೆ. ಕಾಳ್ಗಿಚ್ಚು ಕೂಡ ಮೇಲ್ಮಣ್ಣಿನ ಕಾಂತಗುಣ ಹೆಚ್ಚಿಸುತ್ತದೆ.

ಕರ್ನಾಟಕದಲ್ಲಿ ಈ ಶೋಧ ನಡೆದದ್ದು ಕೆರೆಯ ಹೂಳಿನಲ್ಲಿ. ಮಂಗಳೂರು ವಿಶ್ವವಿದ್ಯಾನಿಲಯದ ಆರ್. ಶಂಕರ್ ಮತ್ತು ಸಂಗಡಿಗರು ಚಿತ್ರದುರ್ಗದ ತಿಮ್ಮಣ್ಣನಾಯಕನ ಕೆರೆಯ ಹೂಳನ್ನು ಅಳೆದು, ಸುಮಾರು 3,700 ವರ್ಷಗಳ ಮಾನ್ಸೂನಿನ ಏರಿಳಿತವನ್ನು 2006ರಲ್ಲಿ ಪ್ರಕಟಿಸಿದರು. ಮಳೆ ಜೋರಾದ ವರ್ಷಗಳಲ್ಲಿ ಸುತ್ತಲಿನ ಕಾಂತಕಣಭರಿತ ಮಣ್ಣು ಹೆಚ್ಚು ಕೊಚ್ಚಿ ಬಂದು ಕೆರೆ ಸೇರುತ್ತದೆ ಎಂಬುದು ಇಲ್ಲಿನ ಆಧಾರ. ಇದಕ್ಕೆ ಕಲಕದ ಹೂಳೇ ಬೇಕು. ಒಮ್ಮೆ ಹೂಳೆತ್ತಿದರೆ ಆ ಪದರಗಳ ದಾಖಲೆಯೂ ಬುಟ್ಟಿಯಲ್ಲಿ ಹೊರಟುಹೋಗುತ್ತದೆ.