ಚಿತ್ರ ಕಲಿಸುವ ಉಪಾಧ್ಯಾಯನನ್ನು ಸಿದ್ಧಗೊಳಿಸಿದ ಬಗೆ

ಪ್ರಾಥಮಿಕ ಶಾಲೆಯ ಪಾಠಪಟ್ಟಿಯಲ್ಲಿ ಚಿತ್ರಲೇಖನಕ್ಕೆ ಸ್ಥಾನ ದೊರೆತು ನೂರೈವತ್ತು ವರ್ಷಗಳಿಗೂ ಮೇಲಾಯಿತು. ಆದರೆ ಅದನ್ನು ಕಲಿಸತಕ್ಕ ಉಪಾಧ್ಯಾಯನು ತಾನು ಏನನ್ನು, ಹೇಗೆ ಕಲಿತಿರಬೇಕೆಂಬ ಪ್ರಶ್ನೆ ಇಂದಿಗೂ ಬಗೆಹರಿದಿಲ್ಲ. ಲೆಕ್ಕ ಬಾರದವನನ್ನು ಲೆಕ್ಕ ಹೇಳಿಕೊಡೆಂದು ತರಗತಿಗೆ ಕಳುಹಿಸುವವರು ಯಾರೂ ಇಲ್ಲ. ಕುಂಚವನ್ನೇ ಹಿಡಿಯದವನನ್ನು ಮಾತ್ರ ಮಕ್ಕಳ ಚಿತ್ರಗಳಿಗೆ ತೀರ್ಪುಗಾರನನ್ನಾಗಿ ಕೂರಿಸಲು ನಾವು ಹಿಂಜರಿಯುವುದಿಲ್ಲ. ಈ ಸ್ಥಿತಿ ಹೇಗೆ ಬಂದಿತೆಂಬುದನ್ನು ತಿಳಿಯಬೇಕಾದರೆ ಅಮೆರಿಕ, ಇಂಗ್ಲೆಂಡ್, ಭಾರತ ಈ ಮೂರು ದೇಶಗಳಲ್ಲಿ ನಡೆದ ಮೂರು ಪ್ರಯತ್ನಗಳನ್ನು ನೋಡಬೇಕು.

ಮೂರಕ್ಕೂ ಹಿನ್ನೆಲೆಯಾಗಿದ್ದುದು ಲಂಡನ್ನಿನ ಸೌತ್ ಕೆನ್ಸಿಂಗ್‌ಟನ್ ಪದ್ಧತಿ. ೧೮೫೧ರ ಮಹಾಪ್ರದರ್ಶನವಾದಮೇಲೆ, ತಮ್ಮ ದೇಶದ ಸರಕುಗಳ ವಿನ್ಯಾಸ ಸುಧಾರಿಸಬೇಕೆಂಬ ಚಿಂತೆ ಆಂಗ್ಲರಿಗೆ ಹುಟ್ಟಿತು. ಹೆನ್ರಿ ಕೋಲ್, ರಿಚರ್ಡ್ ರೆಡ್‌ಗ್ರೇವ್ ಎಂಬುವರು ಸರ್ಕಾರದ ಪರವಾಗಿ ೨೩ ಮೆಟ್ಟಿಲುಗಳ ಅಭ್ಯಾಸಕ್ರಮವೊಂದನ್ನು ರಚಿಸಿದರು. ಸರಳರೇಖೆಯಿಂದ ಮೊದಲುಮಾಡಿ, ಮಾದರಿಯ ಹಾಳೆಗಳನ್ನು ನಕಲುಮಾಡುತ್ತ, ಗಚ್ಚಿನ ಬೊಂಬೆಗಳಿಗೆ ನೆರಳು ತೀಡುತ್ತ ವಿದ್ಯಾರ್ಥಿಯು ಮೇಲೇರಬೇಕಾಗಿದ್ದಿತು. ಕೈಯ ಶಿಸ್ತೇ ಅದರ ಗುರಿ.

ಈ ಪದ್ಧತಿಯು ಕಡಲು ದಾಟಿ ಅಮೆರಿಕದ ಮ್ಯಾಸಚೂಸೆಟ್ಸ್ ಸಂಸ್ಥಾನಕ್ಕೆ ಹೋಯಿತು. ಅಲ್ಲಿನ ಗಿರಣಿಗಳ ಒಡೆಯರ ಒತ್ತಾಯದಿಂದ ೧೮೭೦ರಲ್ಲಿ ಶಾಸನವೊಂದು ಹೊರಟು, ಸಾರ್ವಜನಿಕ ಶಾಲೆಗಳಲ್ಲೆಲ್ಲ ಚಿತ್ರಲೇಖನವು ಕಡ್ಡಾಯವಾಯಿತು. ಹತ್ತು ಸಾವಿರಕ್ಕೆ ಮೇಲ್ಪಟ್ಟು ಜನವಿರುವ ಊರುಗಳು ಹದಿನೈದು ವರ್ಷ ಮೀರಿದವರಿಗೂ ಅದನ್ನು ಉಚಿತವಾಗಿ ಕಲಿಸಬೇಕೆಂದಾಯಿತು. ಶಾಸನವೇನೋ ಬಂದಿತು, ಕಲಿಸುವವರು ಎಲ್ಲಿ? ಅದಕ್ಕಾಗಿ ಲೀಡ್ಸ್ ನಗರದ ಕಲಾಶಾಲೆಯಲ್ಲಿದ್ದ ವಾಲ್ಟರ್ ಸ್ಮಿತ್ ಎಂಬಾತನನ್ನು ೧೮೭೧ರಲ್ಲಿ ಬಾಸ್ಟನ್ನಿಗೆ ಕರೆತಂದರು. ೧೮೭೩ರಲ್ಲಿ ಆತನ ನೇತೃತ್ವದಲ್ಲಿ ಚಿತ್ರೋಪಾಧ್ಯಾಯರಿಗೆಂದೇ ಒಂದು ನಾರ್ಮಲ್ ಶಾಲೆ ತೆರೆಯಿತು. ಅದು ಇಂದಿಗೂ ಕಲಾವಿದ್ಯಾಲಯವಾಗಿ ನಡೆಯುತ್ತಿದೆ.

ಸ್ಮಿತ್ತನದು ಒಂದು ದಿಟ್ಟ ನಿಲುವು. ಚಿತ್ರವು ಕೆಲವರ ದೈವದತ್ತ ಸೊತ್ತಲ್ಲ. ಅಕ್ಷರ ತಿದ್ದಿಸಬಲ್ಲ ಸಾಮಾನ್ಯ ಉಪಾಧ್ಯಾಯನೇ ಅದನ್ನೂ ಕಲಿಸಬಲ್ಲನು ಎಂದು ಆತನು ವಾದಿಸಿದನು. ಬಡಮಕ್ಕಳಿಗೂ ಈ ವಿದ್ಯೆ ದಕ್ಕಬೇಕಾದರೆ ಬೇರೆ ದಾರಿಯಿರಲಿಲ್ಲ. ಆದರೆ ಆ ಉಪಾಧ್ಯಾಯರ ಕೈಗೆ ಆತನು ಕೊಟ್ಟುದು ರೇಖಾಗಣಿತದ ಆಕೃತಿಗಳನ್ನೂ ನಕಲಿನ ಹಾಳೆಗಳನ್ನೂ ಮಾತ್ರ. ಸಾವಿರಾರು ಮಕ್ಕಳು ಒಂದೇ ಗೆರೆಯನ್ನು ಒಂದೇ ರೀತಿಯಲ್ಲಿ ಎಳೆದರು. ಪಠ್ಯಪುಸ್ತಕಗಳ ವ್ಯಾಪಾರದ ಜಗಳವೂ ಸೇರಿ, ೧೮೮೦ರ ದಶಕದ ಆರಂಭದಲ್ಲಿ ಸ್ಮಿತ್ ತನ್ನ ಅಧಿಕಾರವನ್ನು ಕಳೆದುಕೊಂಡು ಸ್ವದೇಶಕ್ಕೆ ಮರಳಿದನು. ತತ್ತ್ವ ಸರಿಯಾಗಿದ್ದಿತು, ಸಾಧನ ಒಣಗಿದ್ದಿತು.

ಇದೇ ಪದ್ಧತಿಯು ಮದರಾಸು, ಮುಂಬಯಿ, ಕಲಕತ್ತೆಗಳ ಕಲಾಶಾಲೆಗಳ ಮೂಲಕ ನಮ್ಮ ನಾಡಿಗೂ ಇಳಿಯಿತು. ಮುಂಬಯಿ ಆಧಿಪತ್ಯಕ್ಕೆ ಸೇರಿದ್ದ ಧಾರವಾಡ, ಬೆಳಗಾವಿ ಜಿಲ್ಲೆಗಳ ಹಿರಿಯರಿಗೆ ಎಲಿಮೆಂಟರಿ, ಇಂಟರ್‌ಮೀಡಿಯೆಟ್ ಎಂಬ ಚಿತ್ರಲೇಖನ ಪರೀಕ್ಷೆಗಳ ಹೆಸರು ಪರಿಚಿತವೇ ಆಗಿದ್ದಿತು.

ಎರಡನೆಯ ಪ್ರಯತ್ನವು ಆ ಪದ್ಧತಿಯ ತವರಿನಲ್ಲಿಯೇ ನಡೆಯಿತು. ಮರಿಯನ್ ರಿಚರ್ಡ್‌ಸನ್ ಎಂಬಾಕೆ ಬರ್ಮಿಂಗ್‌ಹ್ಯಾಮ್ ಕಲಾಶಾಲೆಯಲ್ಲಿ ಕಲಿತು, ೧೯೧೨ರಲ್ಲಿ ಡಡ್ಲಿ ಎಂಬ ಊರಿನ ಹೆಣ್ಣುಮಕ್ಕಳ ಶಾಲೆಗೆ ಉಪಾಧ್ಯಾಯಿನಿಯಾಗಿ ಬಂದರು. ಮಾದರಿಯ ಹಾಳೆಯನ್ನು ಅವರು ಬದಿಗಿಟ್ಟರು. ಮಕ್ಕಳಿಗೆ ಕಣ್ಣು ಮುಚ್ಚಿಕೊಳ್ಳಲು ಹೇಳಿ, ಒಂದು ಬೀದಿಯನ್ನೋ ಸಂಜೆಯ ದೀಪಗಳನ್ನೋ ಮಾತಿನಿಂದ ಬಣ್ಣಿಸುವರು. ಮನಸ್ಸಿನಲ್ಲಿ ಮೂಡಿದ ರೂಪವನ್ನು ಮಕ್ಕಳು ಬಣ್ಣದಲ್ಲಿ ಇಳಿಸುವರು. ೧೯೧೭ರಲ್ಲಿ ವಿಮರ್ಶಕ ರಾಜರ್ ಫ್ರೈ ಈ ಚಿತ್ರಗಳನ್ನು ಕಂಡು ಬೆರಗಾದನು. ೧೯೨೦ರ ದಶಕದಲ್ಲಿ ರಿಚರ್ಡ್‌ಸನ್ನರು ಲಂಡನ್ನಿನಲ್ಲಿ ಉಪಾಧ್ಯಾಯ ವಿದ್ಯಾರ್ಥಿಗಳಿಗೆ ಕಲಿಸಿದರು. ೧೯೩೦ರಲ್ಲಿ ಆ ನಗರದ ಶಾಲೆಗಳ ಕಲಾಪರೀಕ್ಷಕರಾದರು. ೧೯೩೮ರಲ್ಲಿ ಕೌಂಟಿ ಹಾಲಿನಲ್ಲಿ ನಡೆದ ಮಕ್ಕಳ ಚಿತ್ರಪ್ರದರ್ಶನದಿಂದ ಅವರ ಕೆಲಸವು ಲೋಕಪ್ರಸಿದ್ಧವಾಯಿತು. ಮಗುವನ್ನು ಅದರ ಪಾಡಿಗೆ ಬಿಟ್ಟುಬಿಡುವುದೇ ಇವರ ಪದ್ಧತಿಯೆಂದು ತಿಳಿದವರುಂಟು. ಅದು ತಪ್ಪು ತಿಳಿವಳಿಕೆ. ಕಂಡುದನ್ನು ಕಣ್ಣಿಗೆ ಕಟ್ಟುವಂತೆ ಬಣ್ಣಿಸಬೇಕಾದರೆ ಉಪಾಧ್ಯಾಯನು ಮೊದಲು ತಾನು ಕಂಡಿರಬೇಕು. ಬಾವಿಯಲ್ಲಿ ನೀರಿಲ್ಲದೆ ಕೊಡಕ್ಕೆ ಬಂದೀತೆ?

ಮೂರನೆಯದು ನಮ್ಮ ದೇಶದ್ದು. ೧೯೩೭ರ ಅಕ್ಟೋಬರಿನಲ್ಲಿ ವಾರ್ಧಾದಲ್ಲಿ ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ಶಿಕ್ಷಣ ಸಮ್ಮೇಳನವು ನೆರೆಯಿತು. ಅಲ್ಲಿ ನೇಮಕವಾದ ಜಾಕಿರ್ ಹುಸೇನ್ ಸಮಿತಿಯು ಕೈಕಸಬು, ಮಾತೃಭಾಷೆ, ಗಣಿತ ಮೊದಲಾದುವುಗಳ ಸಾಲಿನಲ್ಲಿಯೇ ಚಿತ್ರಲೇಖನ, ಸಂಗೀತಗಳನ್ನೂ ಇರಿಸಿತು. ಉಪಾಧ್ಯಾಯರಿಗೆ ಮೂರು ವರ್ಷದ ಪೂರ್ಣ ಶಿಕ್ಷಣವನ್ನೂ ಅವಸರಕ್ಕೆ ಒಂದು ವರ್ಷದ ಕಿರುಶಿಕ್ಷಣವನ್ನೂ ಸೂಚಿಸಿತು. ಈ ಕಾರ್ಯವನ್ನು ಹೊತ್ತ ಆರ್ಯನಾಯಕಂ ಮತ್ತು ಆಶಾದೇವಿ ದಂಪತಿಗಳು ರವೀಂದ್ರರ ಶಾಂತಿನಿಕೇತನದಿಂದ ಬಂದವರು. ಅಲ್ಲಿನ ಕಲಾಭವನದಲ್ಲಿ ನಂದಲಾಲ ಬಸುಗಳ ಬಳಿ ಕಲಿತ ದೇವಿಪ್ರಸಾದರು ೧೯೪೪ರಲ್ಲಿ ಸೇವಾಗ್ರಾಮಕ್ಕೆ ಬಂದು, ೧೯೬೨ರವರೆಗೆ ಕಲೆಯನ್ನು ಕಲಿಸಿದರು. ಹೀಗೆ ಹಬ್ಬದ ಅಂಗಳವನ್ನು ಸಿಂಗರಿಸುವುದನ್ನೂ ಕಲೆಯೆಂದೇ ಎಣಿಸುವ ಶಾಂತಿನಿಕೇತನದ ದೃಷ್ಟಿಯು ನೂಲುವ ಕೈಗಳ ಶಾಲೆಯನ್ನು ಸೇರಿತು. ಆದರೆ ಮೂಲಶಿಕ್ಷಣವು ದೇಶದಲ್ಲಿ ಹರಡಿದಾಗ ಎಷ್ಟೋ ಕಡೆ ತಕಲಿ ಉಳಿಯಿತು, ಕುಂಚ ಜಾರಿತು.

ಇಂದಿನ ಸ್ಥಿತಿಯನ್ನು ನೋಡೋಣ. ೨೦೦೯ರ ಶಿಕ್ಷಣದ ಹಕ್ಕಿನ ಕಾಯಿದೆಯ ಅನುಸೂಚಿಯು, ಆರರಿಂದ ಎಂಟನೆಯ ತರಗತಿಗಳಲ್ಲಿ ನೂರಕ್ಕಿಂತ ಹೆಚ್ಚು ಮಕ್ಕಳಿದ್ದರೆ ಕಲೆಗೆ ಅರೆಕಾಲಿಕ ಬೋಧಕನಿರಬೇಕೆನ್ನುತ್ತದೆ. ಐದನೆಯ ತರಗತಿಯವರೆಗೆ ಅಂತಹ ಏರ್ಪಾಡು ಅದರಲ್ಲಿಲ್ಲ. ಎಂದಮೇಲೆ ಎಳೆಯ ಮಗುವಿನ ಕಲೆಯೆಲ್ಲವೂ ತರಗತಿಯ ಉಪಾಧ್ಯಾಯನ ಕೈಯಲ್ಲಿಯೇ ಇದೆ. ಸ್ಮಿತ್ ಬಯಸಿದುದೂ ಇದನ್ನೇ. ಆದುದರಿಂದ ಅವನು ಎಡವಿದೆಡೆಯಲ್ಲಿ ನಾವು ಎಡವಬಾರದು.

ನಮ್ಮ ತರಬೇತಿ ಶಾಲೆಗಳಿಗೆ ಬರುವ ತರುಣ ತರುಣಿಯರಲ್ಲಿ ಅನೇಕರು ಬಾಗಿಲಿಗೆ ರಂಗವಲ್ಲಿ ಇಕ್ಕುವ ಮನೆಗಳಿಂದ ಬಂದವರು. ಮಲೆನಾಡಿನ ಕೆಲವರು ಗೋಡೆಯ ಮೇಲೆ ಹಸೆ ಬರೆಯುವ ತಾಯಂದಿರ ಮಕ್ಕಳು. ಆದರೂ ಅವರಲ್ಲಿ ಹಲವರು ತಮಗೆ ಚಿತ್ರ ಬಾರದೆಂದು ಹೇಳಿಕೊಳ್ಳುತ್ತಾರೆ. ಶಾಲೆಯು ಅವರಿಗೆ ಕಲಿಸಿದ್ದು ಅಷ್ಟೇ. ಆ ಮಾತನ್ನು ಮರೆಯಿಸುವುದೇ ತರಬೇತಿಯ ಮೊದಲ ಕೆಲಸವಾಗಬೇಕು. ಅವರಿಗೆ ಕಲಾಬೋಧನೆಯ ಟಿಪ್ಪಣಿ ಬರೆಯಿಸುವುದಕ್ಕೆ ಮುಂಚೆ ಜೇಡಿಮಣ್ಣು, ಇದ್ದಲು, ಬಣ್ಣಗಳನ್ನು ಕೊಟ್ಟು, ವಾರವಾರವೂ ಬಿಡದೆ ಕೈಯಾಡಿಸಲು ಅವಕಾಶವೀಯಬೇಕು. ಅವರೆಲ್ಲ ಚಿತ್ರಕಾರರಾಗಬೇಕಿಲ್ಲ. ಗೆರೆಯೊಂದು ತಪ್ಪಿದಾಗ ಆಗುವ ಅಳುಕನ್ನೂ, ಅದು ಸರಿಬಂದಾಗ ಆಗುವ ಹಿಗ್ಗನ್ನೂ ತಾವು ಉಂಡಿದ್ದರೆ ಸಾಕು. ಮಗುವಿನ ನೀಲಿಯ ಆನೆಯ ಮೇಲೆ ಕೆಂಪು ಗೀಟು ಎಳೆಯಲು ಅಂಥವರ ಕೈ ಏಳಲಾರದು.