ಎನಿ ಪ್ರಶಸ್ತಿ ಮತ್ತು ಜಕ್ಕೂರಿನ ಸೌರ ಹೈಡ್ರೋಜನ್ ಸಂಶೋಧನೆ

ಎನಿ ಪ್ರಶಸ್ತಿ: ಇಂಧನ ಮತ್ತು ಪರಿಸರಕ್ಕೆ ಸಂಬಂಧಿಸಿದ ವೈಜ್ಞಾನಿಕ ಸಂಶೋಧನೆಗಾಗಿ ಇಟಲಿಯ ತೈಲ ಮತ್ತು ಅನಿಲ ಕಂಪನಿ ‘ಎನಿ’ ನೀಡುವ ಅಂತರರಾಷ್ಟ್ರೀಯ ಪುರಸ್ಕಾರ. 2007ರಲ್ಲಿ ಸ್ಥಾಪನೆಯಾಯಿತು. ಸೌರಶಕ್ತಿಯ ಸಂಶೋಧಕರು ಇದಕ್ಕೆ ಮೊದಲಿನಿಂದಲೂ ಪಾತ್ರರಾಗುತ್ತ ಬಂದಿದ್ದಾರೆ. ಪ್ರಶಸ್ತಿಯಲ್ಲಿ ನಗದು ಮತ್ತು ಚಿನ್ನದ ಪದಕ ಇರುತ್ತವೆ. ರೋಮಿನ ಕ್ವಿರಿನಾಲೆ ಅರಮನೆಯಲ್ಲಿ ಇಟಲಿಯ ರಾಷ್ಟ್ರಾಧ್ಯಕ್ಷರ ಸಮ್ಮುಖದಲ್ಲಿ ಪ್ರದಾನ ನಡೆಯುವುದು ರೂಢಿ. ಪತ್ರಿಕೆಗಳು ಇದನ್ನು ಇಂಧನ ಸಂಶೋಧನೆಯ ನೊಬೆಲ್ ಎಂದು ಕರೆಯುವುದುಂಟು. 2020ನೇ ಸಾಲಿನ ಪ್ರಶಸ್ತಿ ಬೆಂಗಳೂರಿನ ರಸಾಯನ ವಿಜ್ಞಾನಿ ಸಿ.ಎನ್.ಆರ್. ರಾವ್ ಅವರಿಗೆ ಸಂದಿತು.

ಎನಿ ಕಂಪನಿಯನ್ನು 1953ರಲ್ಲಿ ಎನ್ರಿಕೊ ಮತ್ತೇಯಿ ಕಟ್ಟಿದರು. ನೆಲದಡಿಯ ತೈಲ, ಅನಿಲಗಳಿಂದ ಬೆಳೆದ ಸಂಸ್ಥೆ ಸೂರ್ಯನ ಬೆಳಕಿನ ಸಂಶೋಧನೆಯನ್ನು ಗೌರವಿಸುವುದು ಪ್ರಶ್ನೆಗೆ ಎಡೆಮಾಡುತ್ತದೆ, ಆ ಪ್ರಶ್ನೆ ನ್ಯಾಯವಾದದ್ದೇ. ಆದರೆ ಪ್ರಶಸ್ತಿ ಪಡೆದವರ ಕೆಲಸವನ್ನು ನೋಡಿದರೆ ಆಯ್ಕೆಯ ಗಾಂಭೀರ್ಯದ ಬಗ್ಗೆ ಅನುಮಾನ ಉಳಿಯುವುದಿಲ್ಲ. 2009ರಲ್ಲಿ ಇದನ್ನು ಪಡೆದ ಆಸ್ಟ್ರೇಲಿಯಾದ ಮಾರ್ಟಿನ್ ಗ್ರೀನ್ ಅವರ ತಂಡ 1985ರಲ್ಲಿ ಸಿಲಿಕಾನ್ ಸೌರಕೋಶದ ದಕ್ಷತೆಯನ್ನು ಮೊದಲ ಬಾರಿಗೆ ಶೇಕಡಾ 20ಕ್ಕೆ ಮುಟ್ಟಿಸಿತ್ತು. ಇದೇ ಗೌರವ ಪಡೆದ ಅಮೆರಿಕದ ಆರ್ಥರ್ ನೋಜಿಕ್ ಕ್ವಾಂಟಮ್ ಚುಕ್ಕೆಗಳ ಮೂಲಕ ಬೆಳಕಿನ ಶಕ್ತಿ ಸೋರಿಹೋಗದಂತೆ ತಡೆಯುವ ದಾರಿ ಹುಡುಕಿದವರು. 2012ರಲ್ಲಿ ಹ್ಯಾರಿ ಆಟ್‌ವಾಟರ್ ಮತ್ತು ಆಲ್ಬರ್ಟ್ ಪೋಲ್ಮನ್ ಅವರಿಗೆ ಸಂದದ್ದು ತೆಳು ಸೌರಕೋಶದೊಳಗೆ ಬೆಳಕನ್ನು ಹಿಡಿದಿಡುವ ಸೂಕ್ಷ್ಮ ಲೋಹರಚನೆಗಳ ಅಧ್ಯಯನಕ್ಕಾಗಿ.

ಸೌರಶಕ್ತಿಯ ಕೆಲಸಕ್ಕೆ ಹೊರದೇಶದ ಮನ್ನಣೆ ಕರ್ನಾಟಕಕ್ಕೆ ರಾವ್ ಅವರ ಪ್ರಶಸ್ತಿಗೂ ಮೊದಲೇ ಬಂದಿತ್ತು. ಮನೆ ಮನೆಗೆ ಸೌರದೀಪ ಒಯ್ದ ಸೆಲ್ಕೊ ಸಂಸ್ಥೆಗೆ 2005 ಮತ್ತು 2007ರಲ್ಲಿ ಬ್ರಿಟನ್ನಿನ ಆ್ಯಶ್ಡನ್ ಪ್ರಶಸ್ತಿ, ಅದರ ಸ್ಥಾಪಕ ಹರೀಶ್ ಹಂದೆ ಅವರಿಗೆ 2011ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂದವು. ಅವು ಬಳಕೆಯ ಕ್ಷೇತ್ರದ ಗೌರವಗಳು. ಎನಿ ಪ್ರಶಸ್ತಿ ಬಂದದ್ದು ಪ್ರಯೋಗಾಲಯದ ರಸಾಯನಶಾಸ್ತ್ರಕ್ಕೆ.

ಆ ಪ್ರಯೋಗಾಲಯ ಇರುವುದು ಉತ್ತರ ಬೆಂಗಳೂರಿನಲ್ಲಿ. ಜಾಲಹಳ್ಳಿ, ಅಬ್ಬಿಗೆರೆಯ ಕಡೆಯಿಂದ ಯಲಹಂಕಕ್ಕೆ ಬಂದು ಮುಂದೆ ಸಾಗಿದರೆ ಜಕ್ಕೂರು. ವಿಮಾನ ಹಾರಾಟ ಕಲಿಸುವ ಮೈದಾನದಿಂದ ಹೆಸರಾಗಿದ್ದ ಈ ಊರಿನಲ್ಲಿ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರ ನೆಲೆಗೊಂಡಿದೆ. ನೆಹರೂ ಜನ್ಮಶತಾಬ್ದಿಯ ವರ್ಷವಾದ 1989ರಲ್ಲಿ ಅದನ್ನು ಸ್ಥಾಪಿಸಿದವರು ರಾವ್ ಅವರೇ. 1934ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಅವರು ಮೈಸೂರು ವಿಶ್ವವಿದ್ಯಾನಿಲಯದ ಪದವೀಧರರು. ಬನಾರಸ್, ಅಮೆರಿಕದ ಪರ್ಡ್ಯೂಗಳಲ್ಲಿ ಓದಿ 1959ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆ ಸೇರಿದರು. ನಡುವೆ ಕಾನ್ಪುರದ ಐಐಟಿಯಲ್ಲಿದ್ದು ಮರಳಿ ಬಂದು, 1984ರಿಂದ 1994ರವರೆಗೆ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿದ್ದರು. 2014ರಲ್ಲಿ ಭಾರತರತ್ನ ಸ್ವೀಕರಿಸಿದರು.

ಸೂರ್ಯನ ಬೆಳಕಿನಿಂದ ನೀರನ್ನು ಒಡೆದು ಹೈಡ್ರೋಜನ್ ಪಡೆಯುವ ಪ್ರಯತ್ನಕ್ಕೆ ಚಾಲನೆ ಸಿಕ್ಕಿದ್ದು 1972ರಲ್ಲಿ. ಜಪಾನಿನ ಅಕಿರಾ ಫುಜಿಶಿಮಾ ಮತ್ತು ಕೆನಿಚಿ ಹೋಂಡಾ, ಟೈಟಾನಿಯಂ ಡೈಆಕ್ಸೈಡಿನ ಮೇಲೆ ಬೆಳಕು ಬಿದ್ದಾಗ ನೀರು ಹೈಡ್ರೋಜನ್ ಮತ್ತು ಆಕ್ಸಿಜನ್ನಾಗಿ ಬೇರ್ಪಡುವುದನ್ನು ತೋರಿಸಿದರು. ಸೌರಫಲಕದ ವಿದ್ಯುತ್ತನ್ನು ಹುಟ್ಟಿದ ಕೂಡಲೇ ಬಳಸಬೇಕು, ಇಲ್ಲವೇ ಬ್ಯಾಟರಿಗೆ ತುಂಬಬೇಕು. ಹೈಡ್ರೋಜನ್ನಾದರೆ ಬಿಸಿಲನ್ನು ಇಂಧನವಾಗಿಯೇ ಕೂಡಿಡಬಹುದು. ಉರಿಸಿದರೆ ಮತ್ತೆ ನೀರಾಗುತ್ತದೆ. ತೊಡಕು ಎರಡು. ಟೈಟಾನಿಯಂ ಡೈಆಕ್ಸೈಡ್ ಹೀರುವುದು ಅತಿನೇರಳೆ ಕಿರಣಗಳನ್ನು ಮಾತ್ರ, ನೆಲಕ್ಕೆ ಬೀಳುವ ಬಿಸಿಲಿನಲ್ಲಿ ಅವುಗಳ ಪಾಲು ಶೇಕಡಾ 5ರ ಆಸುಪಾಸು. ಜೊತೆಗೆ, ಹೈಡ್ರೋಜನ್ ಸಲೀಸಾಗಿ ಬಿಡುಗಡೆಯಾಗಲು ಬೇಕಾದ ಅತ್ಯುತ್ತಮ ವೇಗವರ್ಧಕ ಪ್ಲಾಟಿನಂ, ತೀರ ದುಬಾರಿ ಲೋಹ.

ರಾವ್ ಈ ವಿಷಯಕ್ಕೆ ಬಂದದ್ದು ಆಕ್ಸೈಡುಗಳ ದಾರಿಯಿಂದ. ಟೈಟಾನಿಯಂ ಡೈಆಕ್ಸೈಡಿನ ಅನಟೇಸ್ ರೂಪ ರೂಟೈಲ್ ರೂಪಕ್ಕೆ ಮಾರ್ಪಡುವ ಬಗೆಯನ್ನು ಕುರಿತ ಅವರ ಪ್ರಬಂಧ 1961ರಲ್ಲೇ ಪ್ರಕಟವಾಗಿತ್ತು. 1972ರಲ್ಲಿ, ಕಾನ್ಪುರದಲ್ಲಿದ್ದಾಗ, ಲ್ಯಾಂಥನಮ್ ಕೋಬಾಲ್ಟ್ ಆಕ್ಸೈಡಿನಲ್ಲಿ ಎಲೆಕ್ಟ್ರಾನುಗಳು ಬಿಸಿಯೇರಿದಂತೆ ತಮ್ಮ ಜೋಡಣೆ ಬದಲಿಸುವುದನ್ನು ಸಹೋದ್ಯೋಗಿಗಳೊಂದಿಗೆ ವರದಿ ಮಾಡಿದರು. ಆಗ ಅದು ಶುದ್ಧ ಕುತೂಹಲದ ಅಧ್ಯಯನ, ಇಂಧನದ ಮಾತು ಅಲ್ಲಿರಲಿಲ್ಲ. ನಲವತ್ತು ವರ್ಷಗಳ ಬಳಿಕ, 2013ರಲ್ಲಿ, ಜಕ್ಕೂರಿನ ತಂಡ ಅದೇ ಆಕ್ಸೈಡು ಬೆಳಕಿನ ನೆರವಿನಿಂದ ನೀರಿನಿಂದ ಆಕ್ಸಿಜನ್ ಬಿಡಿಸಬಲ್ಲದು ಎಂದು ಕಂಡುಕೊಂಡಿತು. ಕಾರಣ ಆ ಎಲೆಕ್ಟ್ರಾನ್ ಜೋಡಣೆಯಲ್ಲೇ ಇತ್ತು. ಮ್ಯಾಂಗನೀಸ್ ಅಥವಾ ಕೋಬಾಲ್ಟ್ ಮೂರು ಧನಾವೇಶ ಹೊತ್ತು, ನಿರ್ದಿಷ್ಟ ಕಕ್ಷಕದಲ್ಲಿ ಒಂದೇ ಎಲೆಕ್ಟ್ರಾನ್ ಉಳಿಸಿಕೊಂಡಾಗ ಕ್ರಿಯೆ ಚುರುಕಾಗುತ್ತದೆ. ಈ ಪ್ರಶಸ್ತಿಯ ಹಿಂದಿನ ಇಡೀ ಕಥೆಯಲ್ಲಿ ಹೆಚ್ಚು ಬೆಲೆಯುಳ್ಳ ಭಾಗ ಇದೇ. ಫಲ ಏನೆಂದು ಯಾರೂ ಕೇಳದ ಕಾಲದಲ್ಲಿ ಮಾಡಿಟ್ಟ ಕೆಲಸವಿಲ್ಲದೆ ಆ ವಿವರಣೆ ಅಷ್ಟು ಬೇಗ ಕೈಗೆ ಸಿಗುತ್ತಿರಲಿಲ್ಲ.

ಹೈಡ್ರೋಜನ್ ಬದಿಯಲ್ಲಿ ತಂಡ ಹಿಡಿದದ್ದು ಮಾಲಿಬ್ಡಿನಮ್ ಡೈಸಲ್ಫೈಡ್. ಯಂತ್ರಶಾಲೆಗಳಲ್ಲಿ ಬಳಸುವ ಕೆಲವು ಬಗೆಯ ಗ್ರೀಸಿನಲ್ಲಿರುವ ಕಪ್ಪು ಪುಡಿ ಇದು. ಕೈಗಾರಿಕಾ ಪ್ರದೇಶವಾದ ಪೀಣ್ಯದಲ್ಲಿ ಕೆಲಸ ಮಾಡುವವರಿಗೆ ಹೊಸದಲ್ಲ. ಗಂಧಕದ ಎರಡು ಪದರಗಳ ನಡುವೆ ಮಾಲಿಬ್ಡಿನಮ್ ಪದರ ಕೂತಿರುತ್ತದೆ, ಪದರಗುಂಪುಗಳು ಒಂದರ ಮೇಲೊಂದು ಸುಲಭವಾಗಿ ಜಾರುತ್ತವೆ. ಸಾಮಾನ್ಯ ರೂಪದಲ್ಲಿ ಇದು ಅರೆವಾಹಕ, ಅಂಚುಗಳಲ್ಲಷ್ಟೇ ಚುರುಕು. ಲಿಥಿಯಂ ತೂರಿಸಿ ಪದರಗಳನ್ನು ಬಿಡಿಸಿದರೆ ಲೋಹದಂತೆ ವಿದ್ಯುತ್ ಹರಿಸುವ ಇನ್ನೊಂದು ರೂಪ ಸಿಗುತ್ತದೆ. ಬೆಳಕು ಹೀರುವ ಬಣ್ಣದೊಂದಿಗೆ ಈ ಏಕಪದರ ರೂಪವನ್ನು ಬಳಸಿದಾಗ ಹೈಡ್ರೋಜನ್ ಉತ್ಪಾದನೆ ಬಹಳ ಪಟ್ಟು ಏರಿತು. 2013ರಲ್ಲಿ ಪ್ರಕಟವಾದ ಈ ಫಲಿತಾಂಶದಲ್ಲಿ ಒಂದು ಮಿತಿಯನ್ನು ಮರೆಯುವಂತಿಲ್ಲ: ಎಲೆಕ್ಟ್ರಾನ್ ಒದಗಿಸಲು ದ್ರಾವಣಕ್ಕೆ ಟ್ರೈಇಥನಾಲಮೀನ್ ಸೇರಿಸಬೇಕಿತ್ತು, ಅದು ಖರ್ಚಾಗುತ್ತ ಹೋಗುತ್ತದೆ. ಅಂದರೆ ನೀರು ಒಡೆಯುವ ಕ್ರಿಯೆಯ ಅರ್ಧ ಭಾಗ ಮಾತ್ರ ಅಲ್ಲಿ ಸಿದ್ಧಿಸಿತ್ತು.

ಮುಂದೆ ತಂಡ ಬೇರೆ ಕವಲುಗಳನ್ನೂ ಹಿಡಿಯಿತು. ಬೋರಾನ್, ಕಾರ್ಬನ್, ನೈಟ್ರೋಜನ್ ಮೂರೂ ಬೆರೆತ ಬೋರೋಕಾರ್ಬೋನೈಟ್ರೈಡ್ ಪದರಗಳಲ್ಲಿ ಲೋಹವೇ ಇಲ್ಲ, ಆದರೂ ವಿದ್ಯುತ್ ಹರಿಸಿ ನೀರನ್ನು ಒಡೆಯುವ ವಿದ್ಯುದ್ವಿಭಜನೆಯಲ್ಲಿ ಪ್ಲಾಟಿನಂಗೆ ಹತ್ತಿರದ ಚಟುವಟಿಕೆ ತೋರಿದವು. ಇನ್ನೊಂದು ದಾರಿ ಬಿಸಿಲಿನ ಕಾವಿನದು. ಕನ್ನಡಿಗಳಿಂದ ಬಿಸಿಲನ್ನು ಒಂದೆಡೆ ಸೇರಿಸಿದರೆ ಸಿಗುವಂಥ ಸುಮಾರು 1,400 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಮ್ಯಾಂಗನೀಸಿನ ಪೆರೋವ್‌ಸ್ಕೈಟ್ ಆಕ್ಸೈಡುಗಳು ತಮ್ಮಲ್ಲಿನ ಆಕ್ಸಿಜನ್ ಬಿಟ್ಟುಕೊಡುತ್ತವೆ; ತಣಿಸಿ ಹಬೆ ಹಾಯಿಸಿದಾಗ ನೀರಿನ ಆಕ್ಸಿಜನ್ ಕಸಿದು ಹೈಡ್ರೋಜನ್ ಉಳಿಸುತ್ತವೆ.

ಕೋವಿಡ್ ಕಾಲವಾದ್ದರಿಂದ 2020ರ ಪ್ರಶಸ್ತಿ ಪ್ರಕಟವಾದದ್ದು 2021ರ ಮೇ ತಿಂಗಳಲ್ಲಿ. ‘ಎನರ್ಜಿ ಫ್ರಾಂಟಿಯರ್ಸ್’ ವಿಭಾಗದಲ್ಲಿ. ಲೋಹದ ಆಕ್ಸೈಡ್, ಕಾರ್ಬನ್ ನ್ಯಾನೊಕೊಳವೆ, ಗ್ರಾಫೀನ್, ಬೋರಾನ್-ನೈಟ್ರೋಜನ್-ಕಾರ್ಬನ್ ಮಿಶ್ರವಸ್ತು, ಮಾಲಿಬ್ಡಿನಮ್ ಸಲ್ಫೈಡುಗಳನ್ನು ಇಂಧನಕ್ಕೂ ಹಸಿರು ಹೈಡ್ರೋಜನ್ ತಯಾರಿಗೂ ಒದಗಿಸಿದ್ದಕ್ಕೆ ಈ ಮನ್ನಣೆ. ಆಗ ರಾವ್ ಅವರಿಗೆ 86 ವರ್ಷ.

2023ರ ಜನವರಿಯಲ್ಲಿ ಕೇಂದ್ರ ಸಂಪುಟ ಒಪ್ಪಿದ ರಾಷ್ಟ್ರೀಯ ಹಸಿರು ಹೈಡ್ರೋಜನ್ ಯೋಜನೆ 2030ರ ಹೊತ್ತಿಗೆ ವರ್ಷಕ್ಕೆ 50 ಲಕ್ಷ ಟನ್ ಉತ್ಪಾದನೆಯ ಗುರಿ ಇಟ್ಟುಕೊಂಡಿದೆ. ಈ ಯೋಜನೆ ಮುಖ್ಯವಾಗಿ ನೆಚ್ಚಿರುವುದು ಸೌರ ಮತ್ತು ಪವನ ವಿದ್ಯುತ್ತಿನಿಂದ ನಡೆಯುವ ವಿದ್ಯುದ್ವಿಭಜನೆಯನ್ನು. ಬೆಳಕೇ ನೇರವಾಗಿ ನೀರನ್ನು ಒಡೆಯುವ ವಿಧಾನ ಇನ್ನೂ ಪ್ರಯೋಗಾಲಯದ ಹಂತದಲ್ಲಿದೆ. ಜಕ್ಕೂರಿನಲ್ಲಿ ಪರೀಕ್ಷಿಸಿದ ಅಗ್ಗದ ವೇಗವರ್ಧಕಗಳು ಎರಡೂ ವಿಧಾನಗಳಿಗೆ ಬೇಕಾದವು. ಅವು ಕಾರ್ಖಾನೆಯಲ್ಲಿ ವರ್ಷಗಟ್ಟಲೆ ಸವೆಯದೆ ಬಾಳಬೇಕೆಂಬುದು ಈಗ ಉಳಿದಿರುವ ದೊಡ್ಡ ಪರೀಕ್ಷೆ.