ಹಗೇವಿನ ಪಾಠ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಎಂದೊಡನೆ ಬಿಳಿಜೋಳದ ಹೊಲವೂ ಅದರ ಬೆನ್ನಿಗೇ ಬರಗಾಲವೂ ನೆನಪಾಗುತ್ತವೆ. ಶತಮಾನೋತ್ಸವದ ಈ ಶುಭಸಂದರ್ಭದಲ್ಲಿ ದೇವಾಲಯದ ಚರಿತ್ರೆಯೊಡನೆ ಈ ಮಣ್ಣಿನ ಜನರ ಚರಿತ್ರೆಯನ್ನೂ ಸ್ಮರಿಸುವುದು ನಮ್ಮ ಕರ್ತವ್ಯ.

ಈ ಸೀಮೆಯ ಹಿರಿಯರು ಸುಗ್ಗಿಯ ಜೋಳವನ್ನು ನೆಲದೊಳಗಿನ ಹಗೇವುಗಳಲ್ಲಿ ತುಂಬಿಡುತ್ತಿದ್ದರು. ಮಳೆ ಕೈಕೊಟ್ಟ ವರ್ಷ ಅದೇ ಊರಿನ ಆಧಾರ. ಆದರೆ 1876ರಲ್ಲಿ ಆರಂಭವಾದ ಮಹಾಕ್ಷಾಮಕ್ಕೆ ಅದೂ ಸಾಲಲಿಲ್ಲ. ಆಗ ಈ ತಾಲೂಕುಗಳು ಕಲಾದಗಿ ಜಿಲ್ಲೆಗೆ ಸೇರಿದ್ದವು. 1872ರಲ್ಲಿ 8 ಲಕ್ಷವನ್ನು ಮೀರಿದ್ದ ಜಿಲ್ಲೆಯ ಜನಸಂಖ್ಯೆ 1881ರಲ್ಲಿ ಸುಮಾರು 6 ಲಕ್ಷ 38 ಸಾವಿರಕ್ಕೆ ಇಳಿದಿತ್ತು. ಸತ್ತವರೆಷ್ಟೋ, ಗುಳೆ ಹೋದವರೆಷ್ಟೋ!

ಸರಕಾರವು ಪರಿಹಾರ ಕಾಮಗಾರಿಗಳನ್ನು ತೆರೆಯಿತು. ಆದರೆ 1877ರ ಆರಂಭದಲ್ಲಿ ಸರ್ ರಿಚರ್ಡ್ ಟೆಂಪಲ್ ಕೂಲಿಯ ಧಾನ್ಯದ ಪ್ರಮಾಣವನ್ನು ದಿನಕ್ಕೆ ಒಂದು ಪೌಂಡಿಗೆ, ಎಂದರೆ ಅರ್ಧ ಕಿಲೋಗಿಂತಲೂ ಕಡಿಮೆಗೆ, ಇಳಿಸಿದನು. ಮುಂಬಯಿ ಪ್ರಾಂತ್ಯದಲ್ಲಿ ಸಾವಿರಾರು ಕೂಲಿಗಳು ಕೆಲಸ ಬಿಟ್ಟು ಹೊರನಡೆದರು. ಪುಣೆಯ ಸಾರ್ವಜನಿಕ ಸಭೆಯು ಅವರ ಪರವಾಗಿ ವಾದಿಸಿತು. ಹಸಿದವರೂ ಒಗ್ಗಟ್ಟಾಗಿ ಅನ್ಯಾಯವನ್ನು ಅನ್ಯಾಯವೆಂದೇ ಕರೆದ ಪ್ರಸಂಗವಿದು.

ಆದಿಕಾಂಡದ ಜೋಸೆಫನ ವೃತ್ತಾಂತವನ್ನು ನಾವು ಪ್ರಬೋಧನೆಗಳಲ್ಲಿ ಎಷ್ಟೋ ಸಲ ವಿವರಿಸಿದ್ದೇವೆ. ಅದರ ಕೊನೆಯ ಭಾಗವನ್ನು ಮಾತ್ರ ಬೇಗನೆ ದಾಟಿಬಿಡುತ್ತೇವೆ. ಜೋಸೆಫನ ಕಣಜಗಳು ಈಜಿಪ್ಟಿನವರ ಪ್ರಾಣವನ್ನು ಉಳಿಸಿದವು, ನಿಜ. ಆದರೆ ಹಣ, ದನಕರು, ಹೊಲ ಎಲ್ಲವನ್ನೂ ಕೊಟ್ಟು ಜನರು ಫರೋಹನ ಆಳುಗಳಾದರು. ಬರದ ವರ್ಷ ಸಾಹುಕಾರನಲ್ಲಿ ಹೊಲವನ್ನು ಒತ್ತೆಯಿಟ್ಟ ನಮ್ಮ ರೈತನ ಕಥೆಯೂ ಇದೇ. ಕಣಜ ತುಂಬಿದ್ದರಷ್ಟೇ ಸಾಲದು. ಅದರ ಕೀಲಿಕೈ ಯಾರಲ್ಲಿದೆ ಎಂಬುದೂ ಮುಖ್ಯ.

ಈ ಸತ್ಯವನ್ನು ಕನ್ನಡನಾಡು ಬೇಗನೆ ಅರಿತಿತು. 1904ರ ಸಹಕಾರಿ ಕಾಯ್ದೆ ಬಂದ ಮರುವರ್ಷವೇ ಗದಗ ತಾಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರ ಸಂಘವನ್ನು ಕಟ್ಟಿದರು. ಹಗೇವಿನ ತತ್ವವೇ ಅಲ್ಲಿ ಹಣದ ರೂಪ ತಾಳಿತು. ಕಿರಿಯ ಸಮುದಾಯವು ತಾನೇ ಮಾಡಬಲ್ಲ ಕಾರ್ಯವನ್ನು ದೊಡ್ಡ ಸಂಸ್ಥೆಯು ಕಸಿದುಕೊಳ್ಳುವುದು ಅನ್ಯಾಯವೆಂದು ಜಗದ್ಗುರು ಹನ್ನೊಂದನೆಯ ಪಿಯುಸರು 1931ರಲ್ಲಿ ಬೋಧಿಸಿದರು.

1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಆಲಮಟ್ಟಿಯಲ್ಲಿ ಅಣೆಕಟ್ಟಿನ ಅಡಿಗಲ್ಲಿಟ್ಟರು. ಕೃಷ್ಣೆಯ ನೀರು ಒಂದೆಡೆ ಹೊಲಗಳಿಗೆ ಹರಿಯಿತು. ಇನ್ನೊಂದೆಡೆ ಊರುಗಳನ್ನೇ ಮುಳುಗಿಸಿತು. ಬರದಂತೆಯೇ ನೀರೂ ಜನರನ್ನು ಒಕ್ಕಲೆಬ್ಬಿಸಬಲ್ಲದು. ಅಂಥ ಹೊತ್ತಿನಲ್ಲಿ ಕಾಗದಪತ್ರ ಓದಬಲ್ಲ ನಾಲ್ವರು, ಕೂಡಿ ಮಾತನಾಡಬಲ್ಲ ಊರು ಇಲ್ಲವಾದರೆ ನ್ಯಾಯವು ದೂರವೇ ಉಳಿಯುತ್ತದೆ. 1993ರ ಪಂಚಾಯತ್ ರಾಜ್ ಕಾಯ್ದೆಯು ಗ್ರಾಮಸಭೆಗೆ ಮನ್ನಣೆಯಿತ್ತಿತು. 2005ರ ಉದ್ಯೋಗ ಖಾತರಿ ಕಾಯ್ದೆಯು ಗ್ರಾಮೀಣ ಕುಟುಂಬಕ್ಕೆ ವರ್ಷಕ್ಕೆ 100 ದಿನಗಳ ಕೆಲಸವನ್ನು ಹಕ್ಕೆಂದು ಸಾರಿತು. ಆದರೆ ಕೇಳುವವರಿಲ್ಲದ ಹಕ್ಕು ಬೀಗ ಹಾಕಿದ ಕಣಜವಿದ್ದಂತೆ.

ನಾವು ಗುರುಗಳೂ ನಮ್ಮ ಸೇವೆಯನ್ನು ಹಂಚಿದ ಚೀಲಗಳಿಂದ ಅಳೆದುಕೊಂಡದ್ದುಂಟು. ಹಸಿದವನಿಗೆ ಅನ್ನವಿಕ್ಕುವುದು ಪ್ರಭುವಿನ ಆಜ್ಞೆ, ಅದನ್ನು ಬಿಡಲಾಗದು. ಆದರೆ ಬಸವಣ್ಣನವರು ಹುಟ್ಟಿದ ಈ ನಾಡಿನಲ್ಲಿ ಕಾಯಕಕ್ಕೂ ದಾಸೋಹಕ್ಕೂ ನಂಟಿದೆ. ಇಂದು ಉಣ್ಣುವವನು ನಾಳೆ ಉಣಿಸುವವನಾಗಬೇಕು. ಮುಂದಿನ ಬರಗಾಲದಲ್ಲಿ ನಮ್ಮ ಬಾಗಿಲಿಗೆ ಎಷ್ಟು ಜನ ಬಂದರೆಂದು ಎಣಿಸದೆ, ಎಷ್ಟು ಊರುಗಳಿಗೆ ಬರಬೇಕಾದ ಅಗತ್ಯವೇ ಬೀಳಲಿಲ್ಲವೆಂದು ಎಣಿಸುವ ಭಾಗ್ಯವನ್ನು ದೇವರು ನಮಗೆ ಕರುಣಿಸಲಿ.